ಫಸ್ಟ್ ಪಿಯುನಲ್ಲೇ ಕಾಲೇಜು ಹುಡುಕಲು ಶುರು ಮಾಡಬಹುದಾ? ಊರಿಗೆ ಹತ್ತಿರದ್ದೇ ಬೇಕು (ತೀರ್ಥಹಳ್ಳಿ ಕಡೆಯವರು ಹೇಳಿ)

ಮೇಗರವಳ್ಳಿ ಅಮ್ಮ:

ಎಲ್ಲರಿಗೂ ನಮಸ್ಕಾರ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮೇಗರವಳ್ಳಿಯಲ್ಲಿ ಬಸ್ ಇಳಿದು ಇನ್ನೂ ಒಳಗೆ ನಡೆಯಬೇಕು. ಮಗಳು ತೀರ್ಥಹಳ್ಳಿಯಲ್ಲಿ ಫಸ್ಟ್ ಪಿಯು ಓದುತ್ತಿದ್ದಾಳೆ, ಪಿಸಿಎಂಬಿ. ಒಂದರಿಂದ ಹತ್ತರವರೆಗೆ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಮಾಡಿದ್ದಳು. ಈಗ ಎಲ್ಲಾ ಇಂಗ್ಲಿಷಿನಲ್ಲಿ ಇರುವುದರಿಂದ ಸ್ವಲ್ಪ ಒದ್ದಾಡುತ್ತಿದ್ದಾಳೆ. ಮೊದಲಿಗಿಂತ ಪರವಾಗಿಲ್ಲ.

ನಮಗೆ ಬೇಕಿರುವುದು ಊರಿಗೆ ಹತ್ತಿರದ ಕಾಲೇಜು. ಯಾಕೆ ಅಂತಲೂ ಹೇಳಿಬಿಡುತ್ತೇನೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮೊಮ್ಮಗಳು ಬಂದು ಪಕ್ಕದಲ್ಲಿ ಕೂತರೆ ಮಾತ್ರ ಎರಡು ತುತ್ತು ಜಾಸ್ತಿ ತಿನ್ನುತ್ತಾರೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ಫಸಲು ಅರ್ಧಕ್ಕೆ ಇಳಿದಿದೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಅಂತ ತಿಂಗಳು ತಿಂಗಳು ದುಡ್ಡು ಕಳಿಸುವುದು ನಮ್ಮ ಕೈಲಿ ಆಗುವುದಿಲ್ಲ. ಮಗಳಿಗೂ ದೂರ ಹೋಗುವ ಮನಸ್ಸಿಲ್ಲ. ನಾವು ಬಲವಂತ ಮಾಡಿಲ್ಲ, ಅವಳೇ ಹೇಳಿದ್ದು.

ಏನು ಓದಬೇಕು ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. ಒಂದು ದಿನ ಕಂಪ್ಯೂಟರ್ ಸೈನ್ಸ್ ಅನ್ನುತ್ತಾಳೆ, ಇನ್ನೊಂದು ದಿನ ಅಗ್ರಿ ಬಿಎಸ್ಸಿ ಅನ್ನುತ್ತಾಳೆ. ತೋಟದಿಂದ ಅಡಿಕೆ ಸೋಗೆ ತಂದು ಜಗಲಿಯಲ್ಲಿ ಹರಡಿಕೊಂಡು, ಯಾವ ಎಲೆಗೆ ಎಷ್ಟು ಚುಕ್ಕೆ ಅಂತ ಬರೆದಿಡುತ್ತಾಳೆ. ಅದನ್ನು ನೋಡಿದರೆ ಎರಡನೆಯದೇ ಇರಬೇಕು ಅಂತ ನನಗೆ ಅನಿಸುತ್ತದೆ.

ಅಕ್ಕಪಕ್ಕದವರು, ‘ಸಿಇಟಿ ರ‍್ಯಾಂಕ್ ಬರಲಿ, ಈಗಲೇ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ’ ಅನ್ನುತ್ತಾರೆ. ರ‍್ಯಾಂಕ್ ಬಂದ ಮೇಲೆ ಎಲ್ಲವೂ ಗಡಿಬಿಡಿಯಲ್ಲಿ ಆಗುತ್ತದೆ ಅಂತ ಕೇಳಿದ್ದೇನೆ. ಮಳೆಗಾಲ ಬೇರೆ. ಆಗ ಕಾಲೇಜು ನೋಡಲು ಯಾರಿಗೆ ಪುರುಸೊತ್ತು?

ನಮ್ಮ ಮನೆಯಿಂದ ಶಿವಮೊಗ್ಗವೂ ಆಗುಂಬೆ ಘಾಟಿ ಇಳಿದು ಉಡುಪಿಯೂ ಹೆಚ್ಚುಕಡಿಮೆ ಒಂದೇ ದೂರ. ಯಾವ ಕಡೆ ನೋಡುವುದು ಒಳ್ಳೆಯದು? ದಿನಾ ಓಡಾಡಿ ಓದಲು ಆಗುತ್ತದಾ? ಈಗಿನಿಂದಲೇ ಏನೇನು ಮಾಡಿಟ್ಟುಕೊಳ್ಳಬೇಕು? ದಯವಿಟ್ಟು ಗೊತ್ತಿರುವವರು ಹೇಳಿ.


ಪಿಯು ಮೇಷ್ಟ್ರು, ಸಾಗರ:

ಅಮ್ಮ, ನೀವು ಈಗ ಕೇಳಿದ್ದು ಬಹಳ ಒಳ್ಳೆಯದಾಯಿತು. ನಾನು ಫಿಸಿಕ್ಸ್ ಪಾಠ ಮಾಡುವವನು. ಪ್ರತಿ ವರ್ಷ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಹೊತ್ತಿಗೆ ಮಕ್ಕಳು, ತಂದೆ ತಾಯಿ ಮೊಬೈಲ್ ಹಿಡಿದು ಮನೆಗೆ ಬರುತ್ತಾರೆ. ‘ಸರ್, ನಾಳೆ ಕೊನೆ ದಿನ, ಯಾವ ಕಾಲೇಜು ಹಾಕಲಿ’ ಅಂತಾರೆ. ಒಂದು ಕಾಲೇಜಿನ ಗೇಟನ್ನೂ ನೋಡದ ಮಗುವಿನ ನಾಲ್ಕು ವರ್ಷವನ್ನು ಒಂದು ಸಂಜೆಯಲ್ಲಿ ತೀರ್ಮಾನ ಮಾಡಬೇಕಾದರೆ ನನಗೂ ಸಂಕಟ ಆಗುತ್ತದೆ.

ಮೊದಲು ಅಂಕದ ವಿಷಯ. ಇಂಜಿನಿಯರಿಂಗ್ ರ‍್ಯಾಂಕಿಗೆ ಸೆಕೆಂಡ್ ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಂದರೆ ಬೋರ್ಡ್ ಪರೀಕ್ಷೆ ಹೇಗೋ ಪಾಸಾದರೆ ಸಾಕು ಅನ್ನುವ ಮಾತು ನಂಬಬೇಡಿ. ಕನ್ನಡ ಮಾಧ್ಯಮದಿಂದ ಬಂದ ಮಗಳಿಗೆ ಇದು ಅನುಕೂಲವೇ. ನಿಧಾನವಾಗಿ ಅರ್ಥ ಮಾಡಿಕೊಂಡು ಬರೆಯುವ ಮಕ್ಕಳು ಬೋರ್ಡಿನಲ್ಲಿ ಅಂಕ ಎತ್ತಿಕೊಳ್ಳುತ್ತಾರೆ.

ಎರಡನೆಯದು ಕಟ್‌ಆಫ್. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಇರುತ್ತದೆ. ಕಾಲೇಜು, ಬ್ರಾಂಚ್, ಕೆಟಗರಿ ಮೂರೂ ಸೇರಿಸಿ ಯಾವ ರ‍್ಯಾಂಕಿಗೆ ಸೀಟು ಮುಗಿಯಿತು ಅಂತ ಅದರಲ್ಲಿ ಗೊತ್ತಾಗುತ್ತದೆ. ಕೆಟಗರಿ ಪಕ್ಕದಲ್ಲಿ ಜಿ, ಕೆ, ಆರ್ ಅಂತ ಅಕ್ಷರ ಇರುತ್ತವೆ. ಜಿ ಅಂದರೆ ಆ ಕೆಟಗರಿಯ ಸಾಮಾನ್ಯ ಸೀಟು, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ನಿಮ್ಮ ಮಗಳು ನೋಡಬೇಕಾದದ್ದು ಆ ಸಾಲುಗಳನ್ನು. ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ. 15, ಹತ್ತೂ ವರ್ಷ ಕನ್ನಡದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ಎಷ್ಟೋ ಮನೆಯವರು ಬರೀ ಜಿಎಂ (ಜನರಲ್ ಮೆರಿಟ್) ಸಾಲು ನೋಡಿ, ‘ನಮಗೆ ಶಿವಮೊಗ್ಗ ಸಿಗಲ್ಲ’ ಅಂತ ಕೈಬಿಡುತ್ತಾರೆ. ಮೊದಲ ಸುತ್ತಿನ ಪಟ್ಟಿಯ ಜೊತೆ ಕೊನೆಯ ಸುತ್ತಿನದ್ದನ್ನೂ ನೋಡಿ. ಒಂದೇ ವರ್ಷದ್ದು ಸಾಲದು, ಎರಡು ಮೂರು ವರ್ಷದ್ದು ಪಕ್ಕ ಪಕ್ಕ ಇಟ್ಟುಕೊಳ್ಳಿ.

ಕಾಲೇಜುಗಳ ಬಗ್ಗೆ. ಶಿವಮೊಗ್ಗದಲ್ಲಿ ಜೆಎನ್‌ಎನ್‌ಸಿಇ ಇದೆ, ಸವಳಂಗ ರಸ್ತೆ ನವುಲೆಯಲ್ಲಿ. 1980ರಿಂದ ನಡೆಯುತ್ತಿದೆ. ಪಿಇಎಸ್ ಕಾಲೇಜೂ ಇದೆ. ಸ್ವಲ್ಪ ಆಚೆ ಹೋದರೆ ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ಕಾಲೇಜು, ದಾವಣಗೆರೆಯಲ್ಲಿ ಬಿಐಇಟಿ ಮತ್ತು ಯುಬಿಡಿಟಿ. ಯುಬಿಡಿಟಿ 1951ರಷ್ಟು ಹಳೆಯದು, ಈಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ತಾನೇ ನಡೆಸುವ ಕಾಲೇಜು. ಹಾಸನದಲ್ಲಿ 1960ರ ಮಲೆನಾಡು ಕಾಲೇಜು ಇದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಘಾಟಿ ಕೆಳಗೆ ಬಂಟಕಲ್ಲು, ಕುಂದಾಪುರದ ಮೂಡ್ಲಕಟ್ಟೆ. ಮಣಿಪಾಲ ಕಣ್ಣಿಗೆ ಹತ್ತಿರ, ಆದರೆ ಅಲ್ಲಿಯ ಪ್ರವೇಶ ಪರೀಕ್ಷೆಯೂ ಫೀಸೂ ಬೇರೆ. ನೀವು ಹೇಳಿದ ಲೆಕ್ಕಕ್ಕೆ ಅದು ಹೊಂದುವುದಿಲ್ಲ.

ಮಳೆಗಾಲದಲ್ಲಿ ಆಗುಂಬೆ ಘಾಟಿ ನಂಬಿಕೊಂಡು ಕಾಲೇಜು ಆರಿಸುವುದು ಕಷ್ಟ. ಗುಡ್ಡ ಕುಸಿದರೆ ರಸ್ತೆ ಬಂದ್. ಹಾಸ್ಟೆಲಿನಲ್ಲಿ ಇದ್ದು ಓದುವುದಾದರೆ ಉಡುಪಿ ಕಡೆಯೂ ನೋಡಿ.

ಇನ್ನೊಂದು ಮಾತು. ಆಪ್ಷನ್ ಎಂಟ್ರಿಯಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತಾರೆ. ರ‍್ಯಾಂಕಿಗೆ ಯಾವುದು ಮೊದಲು ಸಿಗುತ್ತದೋ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಹತ್ತಿರದ್ದೇ ಬೇಕಾದರೆ ಹತ್ತಿರದ್ದನ್ನೇ ಮೇಲೆ ಹಾಕಬೇಕು. ಯಾರೋ ಹೇಳಿದರು ಅಂತ ಬೆಂಗಳೂರಿನ ದೊಡ್ಡ ಹೆಸರನ್ನು ಸುಮ್ನೆ ಮೊದಲಿಗೆ ಇಟ್ಟರೆ, ಅದೇ ಸಿಕ್ಕಿಬಿಟ್ಟರೆ, ಕೆಳಗಿರುವ ಶಿವಮೊಗ್ಗವನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಇಂಜಿನಿಯರಿಂಗೂ ಅಗ್ರಿಯೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಮಗಳೇ ಬರೆಯಬೇಕು. ಈ ಒಂದೂವರೆ ವರ್ಷ ಅದಕ್ಕಾಗಿ ಇದೆ ಅಂದುಕೊಳ್ಳಿ.


ನವುಲೆ ಹುಡುಗಿ:

ಆಂಟಿ, ನಮಸ್ತೆ. ನಾನು ತೀರ್ಥಹಳ್ಳಿಯವಳೇ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಓಡಾಟದ ಬಗ್ಗೆ ನಾನು ಹೇಳುತ್ತೇನೆ, ಮೊದಲ ವರ್ಷ ದಿನಾ ಓಡಾಡಿದವಳು ನಾನು.

ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಆಸುಪಾಸು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಬರಬೇಕು. ರಸ್ತೆ ಪೂರ್ತಿ ತಿರುವು, ನಿಂತು ಬರುವಾಗ ಓದುವುದಂತೂ ಸಾಧ್ಯವಿಲ್ಲ. ಶಿವಮೊಗ್ಗ ಬಸ್‌ಸ್ಟ್ಯಾಂಡಿನಿಂದ ನವುಲೆಗೆ ಮತ್ತೆ ಸಿಟಿ ಬಸ್. ತೀರ್ಥಹಳ್ಳಿ ಪೇಟೆಯಲ್ಲಿ ಮನೆ ಇರುವವರು ಕಷ್ಟಪಟ್ಟು ಮಾಡಬಹುದು, ತುಂಬಾ ಜನ ಮಾಡುತ್ತಾರೆ. ಮೇಗರವಳ್ಳಿ ಒಳಗಿನಿಂದ ದಿನಾ ಬೇಡ ಆಂಟಿ. ಬೆಳಿಗ್ಗೆ ಕತ್ತಲಲ್ಲಿ ಹೊರಟು ಕತ್ತಲಾದ ಮೇಲೆ ಮನೆ ಸೇರಬೇಕು. ಮಧ್ಯಾಹ್ನದ ಲ್ಯಾಬ್ ಮುಗಿಯುವುದು ತಡವಾದರೆ ಒಳಗಿನ ಊರಿಗೆ ಕೊನೇ ಬಸ್ ಹೋಗಿರುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿದು ಆ ದಾರಿ ನಡೆದು ಮನೆಗೆ ಬಂದು ರೆಕಾರ್ಡ್ ಬರೆಯುವುದು ಅಂದರೆ ಏನು ಅಂತ ನಿಮಗೇ ಗೊತ್ತು.

ಬಸ್ ಖರ್ಚೂ ಲೆಕ್ಕ ಹಾಕಿ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅಲ್ವಾ ಅಂತ ಬೇರೆ ಜಿಲ್ಲೆಯವರು ಕೇಳುತ್ತಾರೆ. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮ ಮಲೆನಾಡಿನಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸೇ. ನಿಮ್ಮ ಕಡೆಯಿಂದ ಬೆಳಿಗ್ಗೆ ಹೊರಡುವ ಬಸ್ ಯಾವುದು, ಟಿಕೆಟ್ ಎಷ್ಟು ಅಂತ ಬರೆದು ತಿಂಗಳಿಗೆ ಗುಣಿಸಿ ನೋಡಿ. ಕೆಲವೊಮ್ಮೆ ಹಾಸ್ಟೆಲ್ ಖರ್ಚಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ.

ನಾನು ಎರಡನೇ ವರ್ಷದಿಂದ ಹಾಸ್ಟೆಲಿನಲ್ಲಿ ಇದ್ದೇನೆ. ಶನಿವಾರ ಸಂಜೆ ಮನೆಗೆ ಹೋಗಿ, ಭಾನುವಾರ ಅಮ್ಮನ ಕೈಯ ಊಟ ಮಾಡಿ, ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಅದೇ ದಿನ ಮನೆ ಮುಟ್ಟಬಹುದು. ನನಗೆ ಇದಕ್ಕಿಂತ ಹತ್ತಿರ ಬೇಕು ಅಂತ ಯಾವತ್ತೂ ಅನಿಸಿಲ್ಲ. ನಿಮ್ಮ ಅತ್ತೆಯವರ ಬಗ್ಗೆ ಓದಿದಾಗ ನನಗೆ ನಮ್ಮ ಅಜ್ಜಿಯೇ ನೆನಪಾದರು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕಾಲೇಜು ನೋಡಲು ಬರುವಾಗ ರಜೆ ದಿನ ಬರಬೇಡಿ. ಒಂದು ಕಾಲೇಜಿಗೆ (ಹೆಸರು ಬೇಡ) ನನ್ನ ಗೆಳತಿ ಮನೆಯವರ ಜೊತೆ ನೋಡಲು ಹೋಗಿದ್ದಳು. ಎಸಿ ಹಾಕಿದ ಸಭಾಂಗಣ ತೋರಿಸಿ, ಕಾಫಿ ಕೊಟ್ಟು, ಕ್ಯಾಂಪಸ್ ಸೆಲೆಕ್ಷನ್ ಆದವರ ಫೋಟೋ ತೋರಿಸಿ ಕಳಿಸಿದರು. ಸೇರಿದ ಮೇಲೆ ಗೊತ್ತಾಯಿತು, ಮೊದಲ ವರ್ಷದ ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಜಾಗವೇ ಇಲ್ಲ, ಹೊರಗೆ ಪಿಜಿ ಹುಡುಕಿಕೊಳ್ಳಬೇಕು. ಅವರ ಮನೆಯವರಿಗೆ ಆ ಖರ್ಚು ಎಷ್ಟು ಭಾರವಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ಕ್ಲಾಸ್ ನಡೆಯುವ ದಿನ ಬನ್ನಿ. ಲೇಡೀಸ್ ಹಾಸ್ಟೆಲ್ ಒಳಗೆ ಹೋಗಿ ನೋಡಲು ಬಿಡುತ್ತಾರಾ ಕೇಳಿ. ನೀರು ಹೇಗೆ, ಊಟ ಹೇಗೆ ಅಂತ ವಾರ್ಡನ್ ಬದಲು ಅಲ್ಲಿರುವ ಹುಡುಗಿಯರನ್ನು ಕೇಳಿ. ಲೈಬ್ರರಿ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ನೋಡಿ. ಲೆಕ್ಚರರ್‌ಗಳು ವರ್ಷ ವರ್ಷ ಬದಲಾಗುತ್ತಾರಾ, ಇದ್ದವರೇ ಇರುತ್ತಾರಾ ಅಂತ ಮೂರನೇ ವರ್ಷದವರನ್ನು ವಿಚಾರಿಸಿ. ಮಗಳು ಒಬ್ಬಳೇ ಹುಡುಗಿಯರ ಜೊತೆ ಮಾತಾಡಲಿ. ನೀವು ಪಕ್ಕದಲ್ಲಿದ್ದರೆ ಅವರು ಪೂರ್ತಿ ಹೇಳುವುದಿಲ್ಲ.

ಇಂಗ್ಲಿಷ್ ಬಗ್ಗೆ ಅವಳಿಗೆ ಒಂದು ಮಾತು ಹೇಳಿ. ನಾನೂ ಕನ್ನಡ ಮಾಧ್ಯಮ. ನಮ್ಮ ಕ್ಲಾಸಿನಲ್ಲಿ ಹಾಗೆ ಬಂದವರು ತುಂಬಾ ಜನ ಇದ್ದಾರೆ, ಎಲ್ಲರೂ ಓದುತ್ತಿದ್ದಾರೆ. ಹತ್ತಿರದ ಕಾಲೇಜಿನಲ್ಲಿ ಓದುವುದರ ದೊಡ್ಡ ಧೈರ್ಯ ಇದೇ. ಡೌಟ್ ಬಂದರೆ ಕನ್ನಡದಲ್ಲಿ ಕೇಳಬಹುದು, ಪಕ್ಕದಲ್ಲಿ ಕೂತವಳು ಕನ್ನಡದಲ್ಲೇ ಹೇಳಿಕೊಡುತ್ತಾಳೆ.


ಕೊಪ್ಪದ ಬೆಳೆಗಾರ:

ಮೇಷ್ಟ್ರು ಇಂಜಿನಿಯರಿಂಗ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಅಕ್ಕ ಬರೆದದ್ದು ಓದಿದರೆ ಆ ಹುಡುಗಿ ಮನಸ್ಸು ತೋಟದ ಕಡೆ ಇದೆ. ಅದರ ಬಗ್ಗೆ ಯಾರಾದರೂ ಹೇಳಬೇಕಲ್ವಾ? ನನ್ನ ಮಗಳು ಅಗ್ರಿ ಬಿಎಸ್ಸಿ ಮುಗಿಸಿದ್ದಾಳೆ, ಹಾಗಾಗಿ ಗೊತ್ತಿರುವಷ್ಟು ಬರೆಯುತ್ತೇನೆ.

ನಮ್ಮ ಕಡೆಗೆ ಇರುವುದು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ. ಮುಖ್ಯ ಕ್ಯಾಂಪಸ್ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ. ಶಿವಮೊಗ್ಗದ ನವುಲೆ ಕೃಷಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಎರಡೂ ಇದರ ಕೆಳಗೇ ಬರುತ್ತವೆ. ಅಗ್ರಿ ನಾಲ್ಕು ವರ್ಷದ ಕೋರ್ಸು. ಕೊನೇ ವರ್ಷದಲ್ಲಿ ಮಕ್ಕಳನ್ನು ಹಳ್ಳಿಗೆ ಕಳಿಸುತ್ತಾರೆ. ರೈತರ ಜೊತೆ ಇದ್ದು ಕೆಲಸ ಕಲಿಯಬೇಕು. ನನ್ನ ಮಗಳು ಅಲ್ಲಿಂದ ಬಂದ ಮೇಲೆ ನಮ್ಮ ತೋಟದ ಬಸಿಗಾಲುವೆ ನೋಡಿ, ನೀರು ಎಲ್ಲಿ ನಿಲ್ಲುತ್ತಿದೆ ಅಂತ ತೋರಿಸಿದಳು. ಎಷ್ಟೋ ವರ್ಷದಿಂದ ದಿನಾ ಓಡಾಡುವ ಜಾಗ ಅದು. ನನಗೆ ತುಂಬಾ ಹೆಮ್ಮೆ ಆಯಿತು.

ಕೃಷಿಕರ ಮಕ್ಕಳಿಗೆ ಅಗ್ರಿ ಸೀಟಿನಲ್ಲಿ ಬೇರೆ ಮೀಸಲು ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕೀಟ, ಕಳೆ, ಉಪಕರಣ ಎದುರಿಗೆ ಇಟ್ಟು ಗುರುತಿಸಿ ಅನ್ನುತ್ತಾರೆ. ಪುಸ್ತಕದಲ್ಲಿ ಮಾತ್ರ ಓದಿದವರಿಗೆ ಕಷ್ಟ, ಮನೆಯಲ್ಲಿ ಕೆಲಸ ಮಾಡಿದವರಿಗೆ ಸುಲಭ. ಆದರೆ ನಮ್ಮ ಮಲೆನಾಡಿನ ಮಕ್ಕಳಿಗೆ ಅಡಿಕೆ, ಕಾಫಿ, ಮೆಣಸು, ಭತ್ತ ಗೊತ್ತು. ಜೋಳ, ತೊಗರಿ, ಕುಸುಬೆ ನೋಡಿರುವುದಿಲ್ಲ. ಬಯಲುಸೀಮೆಯಲ್ಲಿ ನೆಂಟರಿದ್ದರೆ ರಜೆಯಲ್ಲಿ ಒಂದು ಸಲ ಹೊಲ ತೋರಿಸಿಕೊಂಡು ಬನ್ನಿ. ಸಂತೆಯಲ್ಲಿ ಕಾಳುಗಳನ್ನು ತಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಲಿ.

ಒಂದು ವಿಷಯ ಮಾತ್ರ ನೇರವಾಗಿ ಹೇಳುತ್ತೇನೆ ಅಕ್ಕ. ಅಗ್ರಿಯಲ್ಲಿ ‘ಹತ್ತಿರ’ ಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಇಂಜಿನಿಯರಿಂಗ್ ಕಾಲೇಜು ಊರೂರಿಗೆ ಇವೆ, ಕೃಷಿ ಕಾಲೇಜು ಕಡಿಮೆ. ನವುಲೆಗೆ ರ‍್ಯಾಂಕ್ ಸಾಲದೆ ಮೂಡಿಗೆರೆಯೋ ಧಾರವಾಡವೋ ರಾಯಚೂರೋ ಸಿಕ್ಕರೆ ಹೋಗುತ್ತಾಳಾ? ಇದನ್ನು ಈಗಲೇ ಮನೆಯಲ್ಲಿ ಕೂತು ಮಾತಾಡಿ. ನಾವು ಮೂಡಿಗೆರೆ ತನಕ ಸರಿ, ಅದರಾಚೆ ಬೇಡ ಅಂತ ತೀರ್ಮಾನ ಮಾಡಿಕೊಂಡಿದ್ದೆವು. ಸೀಟು ಹಂಚಿಕೆ ದಿನ ಅಳು, ಜಗಳ ಏನೂ ಆಗಲಿಲ್ಲ.

ಬರೀ ಇವೆರಡೇ ದಾರಿ ಅಂತಲೂ ಅಂದುಕೊಳ್ಳಬೇಡಿ. ತೀರ್ಥಹಳ್ಳಿಯಲ್ಲೇ ತುಂಗಾ ಮಹಾವಿದ್ಯಾಲಯ ಇದೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಶಿವಮೊಗ್ಗದಲ್ಲಿ ಸಹ್ಯಾದ್ರಿ ವಿಜ್ಞಾನ ಕಾಲೇಜು ಇದೆ, ಕುವೆಂಪು ವಿಶ್ವವಿದ್ಯಾಲಯದ್ದೇ. ಬಿಎಸ್ಸಿ ಈಗ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಸಸ್ಯಶಾಸ್ತ್ರದಲ್ಲಿ ಆಸಕ್ತಿ ಇರುವ ಹುಡುಗಿ ಮನೆಯಿಂದಲೇ ಓಡಾಡಿ ಬಿಎಸ್ಸಿ ಮುಗಿಸಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಬಹುದು. ಇದನ್ನು ಸೋತವರ ದಾರಿ ಅನ್ನುವ ಹಾಗೆ ಜನ ಮಾತಾಡುವುದು ಕೇಳಿದರೆ ನನಗೆ ಬೇಜಾರಾಗುತ್ತದೆ. ನಮ್ಮ ಊರುಗಳ ಹೈಸ್ಕೂಲಿನಲ್ಲಿ ಪಾಠ ಹೇಳಿದ ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಇದೇ ದಾರಿಯಲ್ಲಿ ಬಂದವರು.

ತೀರ್ಥಹಳ್ಳಿ ಹತ್ತಿರ ಸೀಬಿನಕೆರೆಯಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ, ಅಡಿಕೆ ಮೇಲೆ ಕೆಲಸ ಮಾಡುತ್ತಾರೆ. ಮಗಳು ಬರೆದಿಟ್ಟ ಎಲೆಚುಕ್ಕಿ ಲೆಕ್ಕ ಹಿಡಿದುಕೊಂಡು ಅಲ್ಲಿಗೆ ಹೋಗಿ ಬನ್ನಿ. ಅಲ್ಲಿಯ ಕೆಲಸ ಕಣ್ಣಿಗೆ ಕಂಡರೆ ಅಗ್ರಿ ಬೇಕೋ ಬೇಡವೋ ಅನ್ನುವುದು ಅವಳಿಗೇ ತಿಳಿಯುತ್ತದೆ.


ಮೇಗರವಳ್ಳಿ ಅಮ್ಮ:

ಇಷ್ಟೆಲ್ಲಾ ಬರೆದ ನಿಮಗೆಲ್ಲಾ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ರಾತ್ರಿ ಊಟ ಆದ ಮೇಲೆ ಮಗಳು ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ನಮ್ಮ ಯಜಮಾನರೂ ಕೇಳಿಸಿಕೊಂಡರು. ‘ದಿನಾ ಓಡಾಟ ಬೇಡ, ಹಾಸ್ಟೆಲ್ ಆಗಲಿ’ ಅಂತ ಅವರೇ ಮೊದಲು ಹೇಳಿದ್ದು. ಅದೊಂದು ಮುಗಿಯಿತು. ಘಾಟಿ ಕೆಳಗಿನ ಕಾಲೇಜುಗಳನ್ನು ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದೇವೆ.

ಕೊಪ್ಪದ ಅಣ್ಣ ಕೇಳಿದ ಪ್ರಶ್ನೆಯನ್ನು ಮಗಳಿಗೆ ಕೇಳಿದೆ. ಮೂಡಿಗೆರೆ ತನಕ ಹೋಗುತ್ತೇನೆ, ರಾಯಚೂರು ಬೇಡ ಅಂದಳು. ಸೀಬಿನಕೆರೆ ಅಂದ ತಕ್ಷಣ ಮುಖ ಅರಳಿತು. ಮುಂದಿನ ವಾರ ಕಾಲೇಜು ಬಿಟ್ಟ ಮೇಲೆ ಹೋಗಲು ಅಪ್ಪನನ್ನು ಒಪ್ಪಿಸಿದ್ದಾಳೆ.

ಇನ್ನು ಎರಡು ಕೇಳಬೇಕು. ಮೇಷ್ಟ್ರೇ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರ ಈಗಲೇ ಮಾಡಿಸಬೇಕಾ? ಹಾಸ್ಟೆಲಿಗೆ ಸರ್ಕಾರದ ಸಹಾಯ ಏನಾದರೂ ಇದೆಯಾ? ನಾವು 2ಎ.


ಪಿಯು ಮೇಷ್ಟ್ರು, ಸಾಗರ:

ವ್ಯಾಸಂಗ ಪತ್ರಕ್ಕೆ ಸಿಇಟಿಯವರದ್ದೇ ನಮೂನೆ ಇರುತ್ತದೆ, ಅರ್ಜಿ ಕರೆದಾಗ ಬರುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಎರಡೂ ಬೇಕು. ಈಗ ಮಾಡಬೇಕಾದ ಕೆಲಸ ಬೇರೆ. ಓದಿದ ಶಾಲೆಗಳಿಗೆ ಹೋಗಿ ದಾಖಲಾತಿ ಪುಸ್ತಕದಲ್ಲಿ ಒಂದರಿಂದ ಹತ್ತರವರೆಗೆ ಎಲ್ಲಾ ವರ್ಷ ಸರಿಯಾಗಿ ಇದೆಯಾ ನೋಡಿ. ಮಗಳ ಹೆಸರು, ಇನಿಷಿಯಲ್, ಅಪ್ಪನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪತ್ರ ಮೂರರಲ್ಲೂ ಒಂದೇ ಥರ ಇರಲಿ. ತಿದ್ದುಪಡಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಈಗ ಶುರು ಮಾಡಿ ಅನ್ನುವುದು. ಜಾತಿ ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ ಪತ್ರದ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ.

2ಎ ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲಿಗೆ ಅರ್ಜಿ ಹಾಕಬಹುದು. ಕಾಲೇಜಿಗೆ ಸೇರಿದ ಮೇಲೆ ಆನ್‌ಲೈನಿನಲ್ಲಿ ಕರೆಯುತ್ತಾರೆ. ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ. ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುವ ಯೋಜನೆ. ಅದು ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ. ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಮಗಳ ಹೆಸರಿನಲ್ಲೇ ಇರಬೇಕು. ಇಂಜಿನಿಯರಿಂಗಿನಲ್ಲಿ ಎಸ್‌ಎನ್‌ಕ್ಯೂ ಅಂತ ಶೇ. 5 ಹೆಚ್ಚುವರಿ ಸೀಟುಗಳೂ ಇವೆ, ಬೋಧನಾ ಶುಲ್ಕ ಇಲ್ಲ. ಆದಾಯ ಮಿತಿಯೊಳಗೆ ಇರುವವರು ಅರ್ಜಿಯಲ್ಲೇ ಅದನ್ನು ಗುರುತು ಮಾಡಬೇಕು. ಎಷ್ಟೋ ಮಕ್ಕಳು ಆ ಕಾಲಂ ಹಾಗೇ ಬಿಟ್ಟುಬಿಡುತ್ತಾರೆ.


ನವುಲೆ ಹುಡುಗಿ:

ಆಂಟಿ, ನಮ್ಮ ಕಾಲೇಜೂ ಕೃಷಿ ಕಾಲೇಜೂ ಒಂದೇ ರಸ್ತೆಯಲ್ಲಿ ಇವೆ. ಒಂದೇ ದಿನ ಎರಡೂ ನೋಡಿಕೊಂಡು ಹೋಗಬಹುದು. ನಮ್ಮ ಹಾಸ್ಟೆಲಿನಲ್ಲಿ ಆಗುಂಬೆ ಕಡೆಯ ಒಬ್ಬಳು ಜೂನಿಯರ್ ಇದ್ದಾಳೆ, ಅವಳನ್ನೂ ಮಾತಾಡಿಸಿಕೊಡುತ್ತೇನೆ. ನೀವು ಬರುವ ವಾರ ಇಲ್ಲಿ ಬರೆಯಿರಿ. ಇಂಟರ್ನಲ್ಸ್ ಇಲ್ಲದ ದಿನ ಯಾವುದು ಅಂತ ನೋಡಿ ಹೇಳುತ್ತೇನೆ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಊಟ ನಮ್ಮ ಮೆಸ್ಸಿನಲ್ಲೇ ಮಾಡಿ ನೋಡಬಹುದು.